ಬ್ಲೇಡಿನ ವಯಸ್ಸು

ಗಡ್ಡದ ಬ್ಲೇಡು ಬಹುಕಾಲ ಬಾಳಲೆಂದು ಹುಟ್ಟಿದ ವಸ್ತುವಲ್ಲ. ನಾಲ್ಕಾರು ಸಲ ಕೆನ್ನೆಯ ಮೇಲೆ ಓಡಾಡಿ ಮೊಂಡಾಗಬೇಕು, ಆಮೇಲೆ ಕಸಕ್ಕೆ ಸೇರಬೇಕು; ಅದನ್ನು ಕಲ್ಪಿಸಿದವನ ಲೆಕ್ಕಾಚಾರವೇ ಅದು. ಆದರೂ ಕೆಲವು ಬ್ಲೇಡುಗಳು ಆ ಲೆಕ್ಕದಿಂದ ತಪ್ಪಿಸಿಕೊಂಡು ಉಳಿದುಬಿಟ್ಟಿವೆ. ಅಜ್ಜನ ಟ್ರಂಕಿನ ತಳದಲ್ಲಿ, ಬಾಗಿಲು ಹಾಕಿದ ಅಂಗಡಿಯ ಅಟ್ಟದಲ್ಲಿ, ಹೊಲಿಗೆ ಯಂತ್ರದ ಖಾನೆಯೊಳಗೆ ಗುಂಡಿ, ಬಾಬಿನ್ನುಗಳ ನಡುವೆ, ಹೊದಿಕೆ ಬಿಚ್ಚದೆ ಐವತ್ತು, ಎಂಬತ್ತು ವರ್ಷ ಮಲಗಿದ್ದ ಬ್ಲೇಡುಗಳು ಈಗಲೂ ಸಿಗುತ್ತವೆ. ಅಂಥದ್ದೊಂದು ಕೈಗೆ ಬಂದರೆ ನನ್ನ ಮನಸ್ಸಿನಲ್ಲಿ ಎರಡು ಪ್ರಶ್ನೆ ಏಳುತ್ತವೆ. ಇದು ಯಾವ ಕಾಲದ್ದು? ಆ ಕಾಲದವರ ಮುಖಕ್ಕೆ ಇದು ಹೇಗೆ ಒದಗುತ್ತಿತ್ತು? ಈ ಎರಡರ ಬೆನ್ನು ಹತ್ತಿ ಕಳೆದ ಸಂಜೆಗಳು ನನಗೆ ತುಂಬ ಸಂತೋಷ ಕೊಟ್ಟಿವೆ.

ವಯಸ್ಸಿನ ವಿಷಯಕ್ಕೆ ಬಂದರೆ ಉಕ್ಕು ಹೇಳುವುದು ಕಡಿಮೆ, ಅದನ್ನು ಸುತ್ತಿದ ಕಾಗದ ಹೇಳುವುದು ಹೆಚ್ಚು. ಸುಮಾರು 43 ಮಿಲಿಮೀಟರ್ ಉದ್ದ, 22 ಮಿಲಿಮೀಟರ್ ಅಗಲ, ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪ, ನಡುವೆ ಉದ್ದಕ್ಕೂ ಒಂದು ಕಂಡಿ: ಈ ಆಕಾರ 1930ರ ದಶಕದಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ. ನಮ್ಮ ಅಜ್ಜಂದಿರ ರೇಜರಿಗೆ ಇವತ್ತು ಬೀದಿಯ ಕೊನೆಯ ಅಂಗಡಿಯಿಂದ ತಂದ ಬ್ಲೇಡು ಹಾಗೆಯೇ ಕೂರುತ್ತದೆ. ಹಾಗಾಗಿ ಬರಿಯ ಬ್ಲೇಡನ್ನು ಎಷ್ಟು ತಿರುಗಿಸಿ ನೋಡಿದರೂ ಅದು ಒಂದು ಹಂತದ ಆಚೆಗೆ ಬಾಯಿ ಬಿಡುವುದಿಲ್ಲ. ಕಾಗದ ಹಾಗಲ್ಲ. ಬೆಲೆ, ವಿಳಾಸ, ಊರ ಹೆಸರು, ಕಾನೂನಿಗೆ ಒಳಪಟ್ಟು ಅಚ್ಚು ಹಾಕಿದ ಸಾಲುಗಳು, ಎಲ್ಲವೂ ಅದರ ಮೇಲಿರುತ್ತವೆ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ ತಗಡಿನ ಡಬ್ಬಿ ಬೋರಲು ಹಾಕುವ ವ್ಯಾಪಾರಿಗಳ ಹತ್ತಿರ ನಾನು ಈ ವಿಷಯವನ್ನು ಎಷ್ಟೋ ಸಲ ಮಾತಾಡಿದ್ದೇನೆ. "ಬ್ಲೇಡ್ ಹೊಸ್ದಂಗೇ ಐತಲ್ಲ ಸಾರ್, ಪೇಪರ್ ಹರಿದ್ರೆ ಏನಾಯ್ತು?" ಎನ್ನುತ್ತಾರೆ. "ನಂಗೆ ಪೇಪರೇ ಬೇಕಾಗಿರೋದಪ್ಪ" ಎಂದರೆ ಒಂದು ಗಳಿಗೆ ಮುಖ ನೋಡಿ, ಆಮೇಲೆ ತಾವೂ ಬಗ್ಗಿ ಹುಡುಕಲು ಕೈಜೋಡಿಸುತ್ತಾರೆ.

ನಮ್ಮ ದೇಶದ ಬ್ಲೇಡಿನ ಪೊಟ್ಟಣವನ್ನು ಓದುವ ಬಗೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದರಷ್ಟು ಚೆನ್ನಾಗಿ ಕಾಲವನ್ನು ಹಿಡಿದಿಟ್ಟುಕೊಂಡ ಪೊಟ್ಟಣವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೆಲೆಯನ್ನು ಮೊದಲು ನೋಡಬೇಕು. ಆಣೆಯಲ್ಲಿದ್ದರೆ ಅದು ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್ 1ಕ್ಕಿಂತ ಹಿಂದಿನ ಅಚ್ಚು. "ನಯೇ ಪೈಸೆ" ಎಂದಿದ್ದರೆ ಇನ್ನೂ ಸೊಗಸು. ಆ "ನಯೇ" 1964ರ ಜೂನ್ 1ಕ್ಕೆ ಕಳಚಿಬಿದ್ದು ಬರಿಯ "ಪೈಸೆ" ಉಳಿಯಿತು. ಹಾಗಾಗಿ ನಯೇ ಪೈಸೆಯ ಪೊಟ್ಟಣಕ್ಕೆ ಏಳು ವರ್ಷದ ಚೌಕಟ್ಟು ತಾನಾಗಿ ಸಿಕ್ಕಂತಾಯಿತು. ಆಮೇಲೆ ವಿಳಾಸ. "ಕಲ್ಕತ್ತಾ-1", "ಬೆಂಗಳೂರು-2" ಎಂದು ಊರಿನ ಮುಂದೆ ಒಂದೆರಡು ಅಂಕಿಯಷ್ಟೇ ಇದ್ದರೆ ಅದು ಪಿನ್ ಕೋಡ್ ಬರುವ ಮುಂಚಿನ ರೂಢಿ. ಆರು ಅಂಕಿಯ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಹಳೆಯ ಬೆಂಗಳೂರು-2 ಆಗ 560 002 ಆಯಿತು. ಹಳೆಯ ಅಂಕಿ ಹೊಸದರ ಬಾಲದಲ್ಲಿ ಉಳಿದುಕೊಂಡಿತು. ತಯಾರಕರ ಹೆಸರು, ಎಣಿಕೆ, ಬೆಲೆ, ಪೊಟ್ಟಣ ಕಟ್ಟಿದ ತಿಂಗಳು ಮತ್ತು ವರ್ಷ ಒಟ್ಟಾಗಿ ಕಂಡರೆ 1977ರ ಪೊಟ್ಟಣ ಸರಕುಗಳ ನಿಯಮಗಳ ಕಡೆ ಬೊಟ್ಟು ಮಾಡಬಹುದು. "ಸ್ಥಳೀಯ ತೆರಿಗೆ ಪ್ರತ್ಯೇಕ" ಎಂಬ ಸಾಲು ಹೋಗಿ "ಎಲ್ಲ ತೆರಿಗೆ ಸೇರಿ ಗರಿಷ್ಠ ಚಿಲ್ಲರೆ ಬೆಲೆ" ಬಂದಿದ್ದರೆ 1990ರ ಈಚೆಗೆ ಬಂದಿದ್ದೇವೆ. ಇನ್ನೂ ಈಚಿನದಕ್ಕೆ ಊರ ಹೆಸರುಗಳೇ ಸಾಕ್ಷಿ: 1995ಕ್ಕೆ ಮುಂಬೈ, 1996ಕ್ಕೆ ಚೆನ್ನೈ, 2001ಕ್ಕೆ ಕೋಲ್ಕತ್ತ.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ. ಪೊಟ್ಟಣದ ಮೇಲಿರುವ ಗುರುತುಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ ಅದನ್ನು ನಂಬಬೇಕು. ಹಳೆಯ ಗುರುತು ಹೊಸ ಪೊಟ್ಟಣದ ಮೇಲೂ ಇರಬಲ್ಲದು, ಹೊಸ ಗುರುತು ಹಳೆಯದರ ಮೇಲೆ ಇರಲಾರದು. ಕಂಪನಿಗಳು ಪೇಟೆಂಟಿನ ದಿನಾಂಕವನ್ನು, ಸಂಸ್ಥಾಪಕರ ಭಾವಚಿತ್ರವನ್ನು, ಪ್ರದರ್ಶನಗಳಲ್ಲಿ ಗೆದ್ದ ಪದಕಗಳನ್ನು ದಶಕಗಟ್ಟಲೆ ಅಚ್ಚು ಹಾಕುತ್ತಲೇ ಇರುತ್ತವೆ. ಜಿಲೆಟ್ ಪೊಟ್ಟಣದ ಮೇಲೆ "1904" ಎಂದು ಕಂಡ ಕೂಡಲೇ ಅದು ನೂರಿಪ್ಪತ್ತು ವರ್ಷದ್ದೆಂದು ಬೆಲೆ ಏರಿಸುವವರಿದ್ದಾರೆ. 1904ರ ನವೆಂಬರ್ 15 ಎಂಬುದು ಆ ರೇಜರಿಗೆ ಅಮೆರಿಕದ ಪೇಟೆಂಟು ಸಿಕ್ಕ ದಿನ ಅಷ್ಟೆ. ಆ ಬ್ಲೇಡು ತಯಾರಾದ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೊರದೇಶದ ಪೊಟ್ಟಣಗಳಿಗೂ ಇದೇ ನಿಯಮ ಒಪ್ಪುತ್ತದೆ. ಕತ್ತಿ, ಚಾಕು, ರೇಜರುಗಳಿಗೆ ಹೆಸರಾದ ಜರ್ಮನಿಯ ಸೋಲಿಂಗನ್ ಪಟ್ಟಣ ಎರಡನೇ ಮಹಾಯುದ್ಧದ ಬಳಿಕ ಬ್ರಿಟಿಷ್ ಸೇನೆಯ ಆಡಳಿತಕ್ಕೆ ಒಳಪಟ್ಟಿತು. "ಜರ್ಮನಿ, ಬ್ರಿಟಿಷ್ ವಲಯ" ಎಂದು ಅಚ್ಚಾದ ಸರಕು ಆ ಕೆಲವೇ ವರ್ಷಗಳದ್ದು. "ಪಶ್ಚಿಮ ಜರ್ಮನಿ" ಎಂದಿದ್ದರೆ 1949ರಿಂದ 1990ರ ನಡುವಿನದು. ನೆವಾ, ಸ್ಪುಟ್ನಿಕ್ ಬ್ಲೇಡುಗಳ ಮೇಲೆ ಲೆನಿನ್‌ಗ್ರಾಡ್ ಇದ್ದರೆ 1991ಕ್ಕೆ ಮುಂಚಿನದು, ಆ ವರ್ಷ ಊರು ತನ್ನ ಹಳೆಯ ಸೇಂಟ್ ಪೀಟರ್ಸ್‌ಬರ್ಗ್ ಎಂಬ ಹೆಸರಿಗೆ ಮರಳಿತು. ಬ್ರಿಟನ್ನಿನ ಬೆಲೆ ಷಿಲಿಂಗಿನಲ್ಲಿದ್ದರೆ 1971ರ ಫೆಬ್ರವರಿಗಿಂತ ಹಿಂದಿನದು. ಬೆರಳಗಲದ ಕಾಗದದಲ್ಲಿ ಸಾಮ್ರಾಜ್ಯಗಳು ಮುಗಿದದ್ದು, ಗಡಿಗಳು ಎದ್ದದ್ದು ಬಿದ್ದದ್ದು ದಾಖಲಾಗಿದೆ. ಯಾರೂ ಅದನ್ನು ದಾಖಲೆಯೆಂದು ಬರೆಯಲಿಲ್ಲ, ಆದ್ದರಿಂದಲೇ ನನಗೆ ಅದರ ಮೇಲೆ ನಂಬಿಕೆ.

ಕಾಗದ ಹರಿದುಹೋಗಿ ಬ್ಲೇಡು ಮಾತ್ರ ಉಳಿದಿದ್ದರೆ? ಆಗ ತೂತುಗಳನ್ನು ನೋಡಬೇಕು. ಅದಕ್ಕೆ ಕತೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

ಕಿಂಗ್ ಕ್ಯಾಂಪ್ ಜಿಲೆಟ್ ಹುಟ್ಟಿದ್ದು 1855ರಲ್ಲಿ. ಊರೂರು ಅಲೆದು ಸರಕು ಮಾರುವ ಕೆಲಸ ಅವನದು. ಸೋಡಾ ಬಾಟಲಿಯ ಕ್ರೌನ್ ಮುಚ್ಚಳವನ್ನು ಕಂಡುಹಿಡಿದ ವಿಲಿಯಂ ಪೇಂಟರನ ಕಂಪನಿಯಲ್ಲಿದ್ದಾಗ, ಜನ ಒಮ್ಮೆ ಬಳಸಿ ಎಸೆದು ಮತ್ತೆ ಕೊಳ್ಳುವಂಥ ಏನನ್ನಾದರೂ ಯೋಚಿಸು ಎಂದು ಆ ಯಜಮಾನನೇ ಹೇಳಿದನಂತೆ. ಮಾತು ತಲೆಯಲ್ಲಿ ಕೂತಿತು. 1895ರ ಒಂದು ಬೆಳಿಗ್ಗೆ ಮೊಂಡಾದ ಕ್ಷೌರದ ಕತ್ತಿ ಹಿಡಿದು ಕನ್ನಡಿಯ ಮುಂದೆ ನಿಂತಾಗ, ಇಷ್ಟು ದಪ್ಪ ಉಕ್ಕು ಏತಕ್ಕೆ, ಬೇಕಾದ್ದು ಅಂಚು ಮಾತ್ರವಲ್ಲವೇ ಎಂದು ಹೊಳೆಯಿತು. ಹೊಳೆದದ್ದು ಸುಲಭ, ಮಾಡುವುದು ಕಷ್ಟ. ಕಾಗದದಷ್ಟು ತೆಳುವಾದ ಉಕ್ಕಿನ ಹಾಳೆಯನ್ನು ಕಾಯಿಸಿ ಹದಗೊಳಿಸಿದರೆ ಅದು ಸೊಟ್ಟಗಾಗುತ್ತಿತ್ತು. ಬಲ್ಲವರು ಆಗದ ಮಾತು ಎಂದರು. ಆಗಿಸಿದವನು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. ತೆಳು ಉಕ್ಕನ್ನು ಹದಗೊಳಿಸುವ, ಅದಕ್ಕೆ ಅಂಚು ಕೊಡುವ ಯಂತ್ರಗಳನ್ನು ಅವನು ರೂಪಿಸಿದ. ಹೆಸರು ಒಬ್ಬನದಾಯಿತು, ಆದರೆ ನನ್ನ ಗೌರವದಲ್ಲಿ ದೊಡ್ಡ ಪಾಲು ನಿಕರ್ಸನ್ನನಿಗೆ. 1901ರಲ್ಲಿ ಕಂಪನಿ ಶುರುವಾಯಿತು. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷವೇ ರೇಜರುಗಳ ಲೆಕ್ಕ ತೊಂಬತ್ತು ಸಾವಿರ ದಾಟಿತು. 1918ರಲ್ಲಿ ಅಮೆರಿಕದ ಸರ್ಕಾರ ತನ್ನ ಸೈನಿಕರಿಗೆಂದು 35 ಲಕ್ಷ ರೇಜರು ಕೊಂಡಿತು. ಮನೆಗೆ ಮರಳಿದ ಅಷ್ಟೂ ಗಂಡಸರು ತಮ್ಮ ಗಡ್ಡವನ್ನು ತಾವೇ ತೆಗೆದುಕೊಳ್ಳುವುದನ್ನು ಕಲಿತು ಬಂದಿದ್ದರು.

ರೇಜರನ್ನು ಅಗ್ಗಕ್ಕೆ ಕೊಟ್ಟು ಬ್ಲೇಡಿನಲ್ಲಿ ಲಾಭ ಮಾಡುವುದನ್ನು ಜಿಲೆಟ್ ಮೊದಲ ದಿನದಿಂದಲೇ ಮಾಡಿದನೆಂದು ವ್ಯಾಪಾರದ ಪಾಠಗಳಲ್ಲಿ ಹೇಳುತ್ತಾರೆ. ಅದು ನಿಜವಲ್ಲ. ಪೇಟೆಂಟು ಕೈಯಲ್ಲಿದ್ದಷ್ಟು ಕಾಲ ಆ ರೇಜರಿನ ಬೆಲೆ 5 ಡಾಲರ್, ಆಗಿನ ಕೂಲಿಕಾರನಿಗೆ ಅದು ದೊಡ್ಡ ಮೊತ್ತ. ಬೆಲೆ ಇಳಿದದ್ದು 1921ರಲ್ಲಿ ಪೇಟೆಂಟಿನ ಅವಧಿ ಮುಗಿದು ಎಲ್ಲರೂ ಮಾಡಲು ನಿಂತ ಮೇಲೆ. ಆಗ ಷೆಫೀಲ್ಡ್, ಸೋಲಿಂಗನ್‌ಗಳಿಂದ ನೂರಾರು ಹೆಸರಿನ ಬ್ಲೇಡುಗಳು ಹೊರಟವು. ಸಂಗ್ರಹಕಾರರಿಗೆ ಹಬ್ಬ ಶುರುವಾಗುವುದು ಅಲ್ಲಿಂದ.

ಈಗ ತೂತುಗಳಿಗೆ ಬರೋಣ. ಮೊದಲ ಜಿಲೆಟ್ ಬ್ಲೇಡಿಗೆ ಒಂದೇ ಸಾಲಿನಲ್ಲಿ ಮೂರು ದುಂಡು ತೂತು, ಮೂಲೆಗಳು ತುಂಬಿಕೊಂಡಿದ್ದವು. 1930ರಲ್ಲಿ ಹೊಸ ಬ್ಲೇಡು ಬಂತು: ನಡುವೆ ಉದ್ದನೆಯ ಕಂಡಿ, ನಾಲ್ಕೂ ಮೂಲೆಗಳಲ್ಲಿ ಕಚ್ಚು. ಮೂಲೆ ಕತ್ತರಿಸಿದ್ದಕ್ಕೆ ಕಾರಣವಿತ್ತು. ಒದ್ದೆ ಕೈಯಿಂದ ಜಾರಿದ ರೇಜರು ನೆಲಕ್ಕೆ ಬಿದ್ದರೆ ತಲೆಯ ಮೂಲೆ ಬಾಗುತ್ತಿತ್ತು, ಅಲ್ಲಿ ಬ್ಲೇಡು ಸರಿಯಾಗಿ ಕೂರದೆ ಚರ್ಮವನ್ನು ಎಳೆಯುತ್ತಿತ್ತು. ಆ ಜಾಗದಲ್ಲಿ ಉಕ್ಕೇ ಇಲ್ಲದಂತೆ ಮಾಡಿದರು. ಇಂದು ನಿಮ್ಮ ಮನೆಯಲ್ಲಿರುವ ಬ್ಲೇಡಿನ ಮೂಲೆಗಳನ್ನು ನೋಡಿ, ಆ ಕಚ್ಚು ಈಗಲೂ ಇದೆ. ಕಂಡಿಯ ವಿಚಾರದಲ್ಲಿ ಜಗಳವಾಯಿತು. ಪ್ರೊಬ್ಯಾಕ್ ಎಂಬ ಬ್ಲೇಡಿನ ಒಡೆಯ ಹೆನ್ರಿ ಗೈಸ್‌ಮನ್ ತನ್ನ ಪೇಟೆಂಟನ್ನು ಮೀರಿದ್ದಾರೆಂದು ಜಿಲೆಟ್ ಕಂಪನಿಯ ಮೇಲೆ ದಾವೆ ಹೂಡಿದ. ಕೊನೆಗೆ ಎರಡೂ ಕಂಪನಿ ಒಂದಾದವು, ಆ ಹೊತ್ತಿಗೆ ಜಿಲೆಟ್ ತನ್ನ ಲಾಭವನ್ನು ವರ್ಷಗಳ ಕಾಲ ಹೆಚ್ಚಿಸಿ ತೋರಿಸಿದ್ದು ಹೊರಬಿತ್ತು, ಗೈಸ್‌ಮನ್ನನೇ ಅಧ್ಯಕ್ಷನಾದ. ಆತುರದಲ್ಲಿ ತಯಾರಿಸಿದ ಹೊಸ ಬ್ಲೇಡುಗಳು ಚೆನ್ನಾಗಿರಲಿಲ್ಲ. ಅದನ್ನು 1932ರಲ್ಲಿ ಕಂಪನಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಒಪ್ಪಿಕೊಂಡಿತು. ಅದರ ಜೊತೆಗೇ ನೀಲಿ ಮೆರುಗೆಣ್ಣೆ ಬಳಿದ "ಬ್ಲೂ ಬ್ಲೇಡ್" ಮಾರುಕಟ್ಟೆಗೆ ಬಂತು. ಮೂರು ತೂತಿನ ಬ್ಲೇಡು 1930ಕ್ಕೆ ಹಿಂದಿನದು, ಕಂಡಿಯದು ಈಚಿನದು ಎಂದು ಜಿಲೆಟ್ ಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಬೇರೆ ಕಂಪನಿಗಳು ಹಳೆಯ ರೇಜರು ಇಟ್ಟುಕೊಂಡವರಿಗಾಗಿ ಮೂರು ತೂತಿನದನ್ನು ಆಮೇಲೂ ಮಾಡುತ್ತಿದ್ದವು, ಆ ಎಚ್ಚರ ಇರಬೇಕು. ಪ್ಲಾಸ್ಟಿಕ್ ಡಬ್ಬಿಯಿಂದ ಬ್ಲೇಡನ್ನು ಬೆರಳಿನಿಂದ ನೂಕಿ ತೆಗೆಯುವ ಏರ್ಪಾಡು ಬಂದದ್ದು ಎರಡನೇ ಯುದ್ಧ ಮುಗಿದ ಮೇಲೆ. ಜೊತೆಗೆ ರೇಜರೂ ಸಿಕ್ಕಿದ್ದರೆ ಅದರ ತಲೆಯ ಅಡಿಭಾಗ ನೋಡಿ: 1950ರ ದಶಕದಿಂದ ಅಮೆರಿಕದ ಜಿಲೆಟ್ ರೇಜರುಗಳಿಗೆ ಒಂದು ಅಕ್ಷರ, ಒಂದು ಅಂಕಿ ಒತ್ತುತ್ತಿದ್ದರು. ಅಕ್ಷರ ವರ್ಷಕ್ಕೆ, ಅಂಕಿ ಆ ವರ್ಷದ ಯಾವ ಮೂರು ತಿಂಗಳು ಎಂಬುದಕ್ಕೆ. 'ಎ' 1955ಕ್ಕೆ ಸೇರಿದ್ದು.

ಉಕ್ಕಿನ ಜಾತಿಯೂ ಕಾಲ ಹೇಳುತ್ತದೆ. 1960ರ ದಶಕದವರೆಗೆ ಬ್ಲೇಡೆಂದರೆ ಬಹುಮಟ್ಟಿಗೆ ಇಂಗಾಲದ ಉಕ್ಕು. ಅದಕ್ಕೆ ತುಕ್ಕೇ ಶತ್ರು. ಆದ್ದರಿಂದ ಎಣ್ಣೆ ಸವರಿ, ಮೇಣದ ಕಾಗದದಲ್ಲಿ ಸುತ್ತಿ, ಅದರ ಮೇಲೆ ಚಿತ್ರದ ಕಾಗದ ಹೊದಿಸುತ್ತಿದ್ದರು. ಆಮೇಲಿನದು ಸುಮಾರು ನೂರಕ್ಕೆ ಹದಿಮೂರು ಪಾಲು ಕ್ರೋಮಿಯಂ ಬೆರೆತ ತುಕ್ಕು ಹಿಡಿಯದ ಉಕ್ಕು. ಅಯಸ್ಕಾಂತ ಹಿಡಿದು ಇವೆರಡನ್ನು ಬೇರ್ಪಡಿಸುತ್ತೇನೆ ಎನ್ನುವವರ ಮಾತು ಕೇಳಬೇಡಿ. ಬ್ಲೇಡಿನ ಈ ಎರಡು ಉಕ್ಕೂ ಅಯಸ್ಕಾಂತಕ್ಕೆ ಅಂಟುತ್ತವೆ.

ಎರಡನೆಯ ಪ್ರಶ್ನೆ, ಹೋಲಿಕೆಯದು. ಹಳೆಯ ಬ್ಲೇಡಿನ ಹದ ಈಗಿನದಕ್ಕೆಲ್ಲಿ ಬರಬೇಕು ಎನ್ನುವ ಹಿರಿಯರನ್ನು ನಾನು ಬಹಳ ಕೇಳಿದ್ದೇನೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅದು ನಿಜವೇ ಎಂದು ತಿಳಿಯಲು ಒಂದೇ ದಾರಿ, ಮುಖಕ್ಕೆ ಹಚ್ಚಿ ನೋಡುವುದು. ತುಕ್ಕಿನ ಒಂದು ಚುಕ್ಕೆ ಕಂಡರೂ ಆ ಬ್ಲೇಡು ಪ್ರಯೋಗಕ್ಕೆ ಇಲ್ಲ; ಅಂಚನ್ನು ಭೂತಗನ್ನಡಿಯಲ್ಲಿ ನೋಡಿಯೇ ಕೈಗೆತ್ತಿಕೊಳ್ಳಬೇಕು. ರೇಜರು, ಸೋಪು, ಬ್ರಷ್ಷು ಬದಲಾಗಬಾರದು. ನೀರೂ ಬದಲಾಗಬಾರದು, ಇದು ಬೆಂಗಳೂರಿನಂಥ ಊರಿನಲ್ಲಿ ಮುಖ್ಯ: ಬೋರಿನ ಗಡಸು ನೀರಿನಲ್ಲಿ ನೊರೆ ನಿಲ್ಲುವುದಿಲ್ಲ, ಕಾವೇರಿ ನೀರಿನಲ್ಲಿ ನಿಲ್ಲುತ್ತದೆ, ನೊರೆಯ ದೋಷವನ್ನು ಬ್ಲೇಡಿನ ತಲೆಗೆ ಕಟ್ಟಿದಂತಾಗುತ್ತದೆ. ಗಡ್ಡ ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ನೆನೆಯಬೇಕು. ಎಡಗೆನ್ನೆಗೆ ಒಂದು ಬ್ಲೇಡು, ಬಲಗೆನ್ನೆಗೆ ಇನ್ನೊಂದು, ಮರುದಿನ ಅದಲುಬದಲು. ಬಲಗೈಯವರಿಗೆ ಒಂದು ಕೆನ್ನೆ ಯಾವತ್ತೂ ಸುಲಭ, ಇನ್ನೊಂದು ಕಷ್ಟ, ಆ ಭೇದ ಲೆಕ್ಕದಿಂದ ಹೋಗಬೇಕು. ಮುಗಿದ ಮೇಲೆ ಪಟಿಕದ ಕಲ್ಲನ್ನು ಒದ್ದೆ ಮಾಡಿ ಮುಖಕ್ಕೆ ಉಜ್ಜಿದರೆ ಎಲ್ಲಿ ಉರಿಯುತ್ತದೋ ಅಲ್ಲಿ ಬ್ಲೇಡು ಚರ್ಮವನ್ನು ಕೆರೆದಿದೆ. ಪಟಿಕಕ್ಕಿಂತ ನಿಷ್ಠುರ ತೀರ್ಪುಗಾರನಿಲ್ಲ.

ನಾನು ಕಂಡುಕೊಂಡದ್ದನ್ನು ನೇರವಾಗಿ ಹೇಳುತ್ತೇನೆ. ಚೆನ್ನಾಗಿ ಉಳಿದ ಇಂಗಾಲದ ಬ್ಲೇಡು ಮೊದಲ ಸಲಕ್ಕೆ ನಿಜವಾಗಿಯೂ ಹರಿತ. ಕೆನ್ನೆಯ ಮೇಲೆ ಅದು ಸರಿಯುವಾಗ ಒಂದು ಸಣ್ಣ ಸದ್ದು ಬರುತ್ತದೆ, ಕೂದಲು ಕತ್ತರಿಸಿದ ಸ್ಪಷ್ಟತೆ ಕೈಗೆ ತಿಳಿಯುತ್ತದೆ. ಎರಡನೆಯ ದಿನಕ್ಕೆ ಎಳೆತ ಶುರು. ಒರೆಸಿ ಒಣಗಿಸದೆ ಇಟ್ಟರೆ ರಾತ್ರಿ ಕಳೆಯುವುದರೊಳಗೆ ಅಂಚಿನಲ್ಲಿ ಕಂದು ಗೀರು. 1960ರ ದಶಕದ ಲೇಪನವಿರುವ ತುಕ್ಕುರಹಿತ ಬ್ಲೇಡು ಇಷ್ಟು ವರ್ಷದ ಮೇಲೂ ನುಣ್ಣಗೆ ಸಾಗುತ್ತದೆ, ದಿನ ಕಳೆದರೂ ಸ್ವಭಾವ ಬದಲಿಸುವುದಿಲ್ಲ. ಆದ್ದರಿಂದ ಹಳೆಯದಕ್ಕೂ ಹೊಸದಕ್ಕೂ ನಡುವೆ ಗೆರೆ ಎಳೆಯಬೇಕಾದ್ದು ಅಲ್ಲಿ, 1960ರ ದಶಕದ ಮೊದಲ ಮೂರು ನಾಲ್ಕು ವರ್ಷಗಳಲ್ಲಿ.

ಆ ವರ್ಷಗಳ ಕತೆ ನನಗೆ ತುಂಬ ಇಷ್ಟ. ಜಿಲೆಟ್ 1960ರಲ್ಲಿ ಸಿಲಿಕೋನ್ ಲೇಪಿಸಿದ ಇಂಗಾಲದ ಬ್ಲೇಡು ತಂದಿತು. ಅಷ್ಟರಲ್ಲಿ ಲಂಡನ್ನಿನ ವಿಲ್ಕಿನ್ಸನ್ ಸೋರ್ಡ್, 1772ರಲ್ಲಿ ಬಂದೂಕಿನ ಅಂಗಡಿಯಾಗಿ ಶುರುವಾಗಿ ಆಮೇಲೆ ಖಡ್ಗಗಳಿಗೆ ಹೆಸರಾದ ಮನೆತನ, ತುಕ್ಕುರಹಿತ ಉಕ್ಕಿನ ಅಂಚಿಗೆ ಲೇಪನ ಕೊಟ್ಟು ಮಾರಿತು. ನಮ್ಮ ನಾನ್‌ಸ್ಟಿಕ್ ದೋಸೆ ಹೆಂಚಿನ ಮೇಲಿರುವ ಪದಾರ್ಥವೇ ಇಂದು ಬ್ಲೇಡಿನ ಅಂಚಿನ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾಗಿ ಇರುತ್ತದೆ. ಒಂದು ಬ್ಲೇಡು ವಾರವಿಡೀ ಬರುತ್ತದೆಂದು ಸುದ್ದಿ ಹಬ್ಬಿತು. ವಿಲ್ಕಿನ್ಸನ್ನಿಗೆ ಅಮೆರಿಕದಲ್ಲಿದ್ದ ವ್ಯಾಪಾರಿಗಳು ತೋಟದ ಕತ್ತರಿ ಮಾರುವವರು; ಬ್ಲೇಡುಗಳೂ ಮೊದಲು ಅವರ ಮೂಲಕವೇ ಹೋದವು, ಬೇಡಿಕೆ ಪೂರೈಸಲಾಗಲಿಲ್ಲ. ಜಗತ್ತಿನ ದೊಡ್ಡ ಕಂಪನಿಯಾಗಿದ್ದ ಜಿಲೆಟ್ ತನ್ನ ತುಕ್ಕುರಹಿತ ಬ್ಲೇಡು ತರುವ ಹೊತ್ತಿಗೆ 1963 ಆಗಿತ್ತು. ಲೇಪನದ ಪೇಟೆಂಟು ಮಾತ್ರ ಜಿಲೆಟ್ ಕೈಯಲ್ಲಿತ್ತು, ಹಾಗಾಗಿ ವಿಲ್ಕಿನ್ಸನ್ ಅದಕ್ಕೆ ರಾಯಧನ ಕೊಡಬೇಕಾಯಿತು. ತನ್ನ ಹಳೆಯ ಬ್ಲೇಡು ಚೆನ್ನಾಗಿ ಮಾರಾಟವಾಗುತ್ತಿದ್ದುದೇ ಜಿಲೆಟ್ ಹಿಂಜರಿದದ್ದಕ್ಕೆ ಕಾರಣವೆಂದು ನನ್ನ ಎಣಿಕೆ. ಹೆಚ್ಚು ಬಾಳುವ ಬ್ಲೇಡು ಕಡಿಮೆ ಮಾರಾಟವಾಗುತ್ತದಲ್ಲವೇ.

ಕೂದಲಿನಂಥ ಮೆದು ವಸ್ತು ಉಕ್ಕನ್ನು ಮೊಂಡು ಮಾಡುವುದು ಹೇಗೆ ಎಂಬುದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ. ಅದಕ್ಕೆ ಒಪ್ಪುವ ಉತ್ತರ 2020ರಲ್ಲಿ ಅಮೆರಿಕದ ಎಂ.ಐ.ಟಿ.ಯ ಸಂಶೋಧಕರಿಂದ ಬಂತು. ಕೂದಲು ಉಕ್ಕಿಗಿಂತ ಐವತ್ತು ಪಟ್ಟು ಮೆದು. ಅಂಚು ನಿಧಾನವಾಗಿ ಸವೆದು ಗುಂಡಗಾಗುತ್ತದೆಂದು ನಾವೆಲ್ಲ ತಿಳಿದಿದ್ದೆವು. ಅವರು ಸೂಕ್ಷ್ಮದರ್ಶಕದ ಅಡಿಯಲ್ಲಿ ಕೂದಲು ಕತ್ತರಿಸಿ ನೋಡಿದಾಗ ಕಂಡದ್ದೇ ಬೇರೆ: ಓರೆಯಾಗಿ ಬಾಗಿದ ಕೂದಲು ಅಂಚಿನ ದುರ್ಬಲ ಜಾಗಕ್ಕೆ ತಗುಲಿದಾಗ ಅಲ್ಲಿ ಉಕ್ಕಿನ ಚೂರು ಹಾರುತ್ತದೆ. ಉಕ್ಕಿನ ಒಳರಚನೆ ಎಲ್ಲೆಡೆ ಒಂದೇ ಸಮವಾಗಿದ್ದರೆ ಚಕ್ಕೆ ಏಳುವುದು ಕಡಿಮೆ. ನಿಕರ್ಸನ್ ಓದಿದ್ದೂ ಎಂ.ಐ.ಟಿ.ಯಲ್ಲೇ, ಅವನು ಕೈಹಾಕಿದ ಸಮಸ್ಯೆ ಒಂದು ಶತಮಾನದ ಮೇಲೂ ಅದೇ ವಿದ್ಯಾಲಯದಲ್ಲಿ ಸಂಶೋಧನೆಗೆ ವಸ್ತುವಾಗಿದೆ.

ನಮ್ಮ ಕಡೆಯ ಬ್ಲೇಡುಗಳನ್ನು ಹೋಲಿಸುವಾಗ ಕ್ಷೌರ ಒಂದನ್ನೇ ಅಳತೆಗೋಲು ಮಾಡಿದರೆ ಅನ್ಯಾಯವಾಗುತ್ತದೆ. ಟೋಪಾಜ್, ಪನಾಮ, ಅಶೋಕ, ಭಾರತ್, ಸೆವೆನ್ ಓ ಕ್ಲಾಕ್, ಸೂಪರ್‌ಮ್ಯಾಕ್ಸ್ ಹೆಸರು ಕೇಳಿದರೆ ಐವತ್ತು ದಾಟಿದವರಿಗೆ ಪೊಟ್ಟಣದ ಬಣ್ಣವೇ ಕಣ್ಣಿಗೆ ಕಟ್ಟುತ್ತದೆ. ಕೋಲ್ಕತ್ತದ ಹರಬನ್ಸ್ ಲಾಲ್ ಮಲ್ಹೋತ್ರಾ ಕಂಪನಿಯ ಟೋಪಾಜ್, ಠಾಣೆಯ ವಿದ್ಯುತ್ ಮೆಟಾಲಿಕ್ಸ್‌ನ ಸೂಪರ್‌ಮ್ಯಾಕ್ಸ್ ದೇಶದ ಮೂಲೆಮೂಲೆಯ ಗೂಡಂಗಡಿಗೂ ಮುಟ್ಟಿದ್ದವು. 1984ರಲ್ಲಿ ಇಂಡಿಯನ್ ಶೇವಿಂಗ್ ಪ್ರಾಡಕ್ಟ್ಸ್ ಎಂಬ ಹೆಸರಿನಲ್ಲಿ ಜಿಲೆಟ್ ಪಾಲುದಾರಿಕೆಯಿಂದ ಬಂದು ರಾಜಸ್ಥಾನದ ಭಿವಾಡಿಯಲ್ಲಿ ಬ್ಲೇಡು ಮಾಡತೊಡಗಿತು. ಆದರೆ ಈ ಬ್ಲೇಡುಗಳಿಗೆ ನಮ್ಮ ಮನೆಗಳಲ್ಲಿ ಎರಡನೆಯ ಬದುಕೇ ದೊಡ್ಡದು. ಗಡ್ಡಕ್ಕೆ ಮೊಂಡಾದದ್ದು ಪೆನ್ಸಿಲು ಹೆರೆಯಲು ಹರಿತ. ದರ್ಜಿಯ ಅಂಗಡಿಯಲ್ಲಿ ತಪ್ಪು ಹೊಲಿಗೆ ಬಿಚ್ಚಲು ಅದೇ. ಲೋಕೋಪಯೋಗಿ ಇಲಾಖೆಯ ನಕ್ಷೆಗಾರರು ಟ್ರೇಸಿಂಗ್ ಕಾಗದದ ಮೇಲೆ ಬಿದ್ದ ಇಂಡಿಯನ್ ಇಂಕನ್ನು ಅರ್ಧ ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದರು. ಕಾಗದ ಹರಿಯಬಾರದು, ಗೆರೆ ಉಳಿಯಬಾರದು, ಅದಕ್ಕೆ ಹೊಸ ಬ್ಲೇಡಿಗಿಂತ ಸ್ವಲ್ಪ ಬಳಸಿದ್ದೇ ಒಳ್ಳೆಯದು. ಕಾಲೇಜಿನ ಸಸ್ಯಶಾಸ್ತ್ರದ ಪ್ರಯೋಗಶಾಲೆಯಲ್ಲಿ ಕಾಂಡವನ್ನು ತೆಳ್ಳಗೆ ಕೊಯ್ದು ನೀರಿನ ತಟ್ಟೆಗೆ ಬಿಟ್ಟು, ಅದರಲ್ಲಿ ಎಲ್ಲಕ್ಕಿಂತ ಪಾರದರ್ಶಕವಾದದ್ದನ್ನು ಕುಂಚದಿಂದ ಎತ್ತಿ ಗಾಜಿನ ಮೇಲೆ ಇಡುವಾಗಿನ ಉಸಿರು ಬಿಗಿಹಿಡಿದ ಗಳಿಗೆ ನೆನಪಿದೆಯೇ? ಅಷ್ಟು ತೆಳ್ಳನೆಯ ಸೆಕ್ಷನ್ನಿಗೆ ಹೊಸ ಬ್ಲೇಡೇ ಬೇಕು, ಅಲ್ಲಿ ಹಳೆಯದು ನಡೆಯುವುದಿಲ್ಲ. ಬ್ಲೇಡಿನ ಹರಿತವನ್ನು ನಾನು ಮೊದಲು ಅರಿತದ್ದು ಗಡ್ಡ ಬರುವ ಮುಂಚೆಯೇ, ಆ ಮೇಜಿನ ಮುಂದೆ.

ಬ್ಲೇಡಿನ ಆಯಸ್ಸು ಎಳೆಯುವ ವಿದ್ಯೆಯೂ ಇತ್ತು. ಗಾಜಿನ ಲೋಟದ ಒಳಗೋಡೆಗೆ ಬ್ಲೇಡನ್ನು ಬೆರಳಿನಿಂದ ಒತ್ತಿ ಹಿಂದೆ ಮುಂದೆ ಉಜ್ಜಿ ಅಂಚನ್ನು ನೇರ ಮಾಡುತ್ತಿದ್ದರು. ನಮ್ಮಲ್ಲಿ ಮಾತ್ರವಲ್ಲ, ಯುದ್ಧಕಾಲದ ಯುರೋಪಿನಲ್ಲೂ ಇದೇ ವಿದ್ಯೆ. ಅಲ್ಲಿ ಬ್ಲೇಡಿನ ಬರ ಎಷ್ಟು ಕಾಡಿತ್ತೆಂಬುದಕ್ಕೆ ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ "ನೈನ್ಟೀನ್ ಎಯ್ಟಿಫೋರ್" ಕಾದಂಬರಿ ಸಾಕ್ಷಿ: ಅದರ ನಾಯಕ ಒಂದೇ ಬ್ಲೇಡಿನಲ್ಲಿ ವಾರಗಟ್ಟಲೆ ಗಡ್ಡ ಕೆರೆದುಕೊಳ್ಳುತ್ತಾನೆ, ಸಹೋದ್ಯೋಗಿಗಳು ಒಬ್ಬರನ್ನೊಬ್ಬರು ಬ್ಲೇಡಿದೆಯೇ ಎಂದು ಕೇಳುತ್ತಾರೆ. ಲೋಟದ ಈ ಉಪಾಯ ಇಂಗಾಲದ ಬ್ಲೇಡಿಗೆ ಕೊಂಚ ಉಪಯೋಗ, ಲೇಪನವಿರುವ ಇಂದಿನ ಬ್ಲೇಡಿಗೆ ಬೇಡ. ಉಜ್ಜಿದರೆ ಲೇಪನವೇ ಹೋಗುತ್ತದೆ.

ಮೊಂಡಾದ ಬ್ಲೇಡನ್ನು ಏನು ಮಾಡುವುದು ಎಂಬುದಕ್ಕೆ ಒಂದೊಂದು ದೇಶ ಒಂದೊಂದು ಉತ್ತರ ಕಂಡುಕೊಂಡಿತು. ಅಮೆರಿಕದ ಮನೆಗಳಲ್ಲಿ ಬಚ್ಚಲಿನ ಗೋಡೆಯ ಔಷಧಿ ಪೆಟ್ಟಿಗೆಯ ಹಿಂದೆ ಸಣ್ಣ ಸೀಳು ಇರುತ್ತಿತ್ತು, ಅದರಲ್ಲಿ ಹಾಕಿದ ಬ್ಲೇಡು ಗೋಡೆಯ ಟೊಳ್ಳಿನೊಳಗೆ ಬೀಳುತ್ತಿತ್ತು. ಹಳೆಯ ಮನೆ ಕೆಡವಿದಾಗ ರಾಶಿ ರಾಶಿ ತುಕ್ಕು ಬ್ಲೇಡು ಸಿಕ್ಕಿರುವುದುಂಟು. ನಮ್ಮ ಹಂಚಿನ ಮನೆಗಳಲ್ಲಿ ಮಾಡಿನ ರೀಪಿನ ಸಂದು, ಕಿಟಕಿಯ ಚೌಕಟ್ಟಿನ ಮೇಲುಭಾಗ, ಕ್ಯಾಲೆಂಡರಿನ ಹಿಂದಿನ ಗೋಡೆಯ ಬಿರುಕು. ಮಕ್ಕಳ ಕೈಗೆ ಸಿಗಬಾರದೆಂಬ ಕಾಳಜಿ ಅದರಲ್ಲಿತ್ತು. ಈಗ ನಾವು ಹಾಗೆಯೇ ಕಸದ ಬುಟ್ಟಿಗೆ ಹಾಕುತ್ತೇವೆ, ಅದನ್ನು ಬರಿಗೈಯಲ್ಲಿ ವಿಂಗಡಿಸುವ ಪೌರಕಾರ್ಮಿಕರಿದ್ದಾರೆ. ಒಂದು ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರಲ್ಲಿ ಕೂಡಿಹಾಕಿ, ತುಂಬಿದ ಮೇಲೆ ಬಾಯಿ ಮುಚ್ಚಿ "ಬ್ಲೇಡು" ಎಂದು ಬರೆದು ಬೇರೆಯಾಗಿ ಕೊಡುವುದು ದೊಡ್ಡ ಶ್ರಮವಲ್ಲ.

ಇನ್ನೊಂದು ವಿನಂತಿಯಿದೆ. ಊರ ಮನೆಯನ್ನು ಖಾಲಿ ಮಾಡುವವರು, ಹಿರಿಯರ ಟ್ರಂಕು ಬಿಚ್ಚುವವರು, ಹಳೆಯ ಅಂಗಡಿಯ ಸರಕು ಗುಜರಿಗೆ ಹಾಕುವವರು ದಯವಿಟ್ಟು ಬ್ಲೇಡಿನ ಪೊಟ್ಟಣ ಕಂಡರೆ ಒಂದು ಕ್ಷಣ ನಿಲ್ಲಿ. ಮೇಲಿನ ಕಾಗದವನ್ನು ಹರಿಯಬೇಡಿ, ಒಳಗಿನ ಮೇಣದ ಕಾಗದವನ್ನು ಬಿಚ್ಚಬೇಡಿ, ಎಣ್ಣೆಯ ಕಲೆಯನ್ನು ಒರೆಸಬೇಡಿ. ಎರಡು ಬದಿಯ ಫೋಟೋ ತೆಗೆದು, ಪೊಟ್ಟಣವನ್ನು ಒಣಗಿದ ಡಬ್ಬಿಯಲ್ಲಿ ಹಾಕಿ. ಅದು ಯಾರದಾಗಿತ್ತು, ಯಾವ ಊರಿನ ಯಾವ ಅಂಗಡಿಯದು, ಮನೆಯ ಹಿರಿಯರಿಗೆ ನೆನಪಿರುವಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ.